ಕುಡಿಯದ ಅಳಿಯ

ಮೊನ್ನೆ ಒಗೆದ ಸೀರೆ ಮಡಚಿಡುತ್ತ ಕೂತಿದ್ದೆ. ನೆರಿಗೆಯ ನಡುವೆ ಬೆರಳಿಗೆ ಏನೋ ಚುರುಕ್ಕೆಂದಿತು. ಫಾಲ್ ಹಚ್ಚುವವಳು ಬಿಟ್ಟ ಟಾಚಣಿ ಇರಬೇಕೆಂದು ಕನ್ನಡಕ ಏರಿಸಿ ಹುಡುಕಿದರೆ, ಸಿಕ್ಕಿದ್ದು ಒಂದು ಗೋಧಿ ಮೀಸೆ. ಕಪ್ಪಗಿತ್ತು, ಕೂದಲಿಗಿಂತ ಚೂರೇ ದಪ್ಪ. ಸುಗ್ಗಿಯಲ್ಲಿ ಚಿಮ್ಮಡದ ಹೊಲಕ್ಕೆ ಹೋದಾಗ ಸೀರೆಯ ಅಂಚಿಗೆ ಹತ್ತಿದ್ದು. ಆಮೇಲೆ ವಾಷಿಂಗ್ ಮಷೀನಿನಲ್ಲಿ ಎಷ್ಟು ಸುತ್ತು ಸುತ್ತಿದೆಯೋ ಏನೋ, ಬಿದ್ದುಹೋಗುವ ಬದಲು ಮೇಲೇರಿದೆ! ಅಂಚಿನಿಂದ ಹೊರಟು ಮೊಣಕಾಲಿನ ಎತ್ತರಕ್ಕೆ ಬಂದು ತಲುಪಿತ್ತು. ಇನ್ನೊಂದಿಷ್ಟು ಒಗೆತ ಬಿಟ್ಟಿದ್ದರೆ ಸೊಂಟಕ್ಕೇ ಬರುತ್ತಿತ್ತು.

ಗೋಧಿ ಮೀಸೆ ನೀವು ನೋಡಿದ್ದೀರಲ್ಲ? ತೆನೆಯ ಒಂದೊಂದು ಕಾಳಿನ ನೆತ್ತಿಯಿಂದ ಹೊರಡುವ ಉದ್ದನೆಯ ಎಳೆ. ಬುಡದಿಂದ ತುದಿಗೆ ಬೆರಳಾಡಿಸಿದರೆ ರೇಷ್ಮೆ. ತುದಿಯಿಂದ ಬುಡಕ್ಕೆ ಬಂದರೆ ಗರಗಸ. ಕಣ್ಣಿಗೆ ಕಾಣದ ಅದರ ಹಲ್ಲುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಬಟ್ಟೆಯೊಳಗೆ ಹೊಕ್ಕಿತೆಂದರೆ ಅದಕ್ಕೆ ಮುಂದೆ ಹೋಗುವುದಷ್ಟೇ ಗೊತ್ತು.

ನನಗೆ ಇದು ಗೊತ್ತಾದದ್ದು ಬೀಳಗಿಯಲ್ಲಿ, ಅಜ್ಜಿಯ ಮನೆಯಲ್ಲಿ. ಅಪ್ಪನ ನೌಕರಿ ಜಮಖಂಡಿಯಲ್ಲಿತ್ತು. ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಶಿವರಾತ್ರಿಯ ಹೊತ್ತಿಗೆ ಬೀಳಗಿಗೆ ಹೋದರೆ ಅಂಗಳದಲ್ಲಿ ಗೋಧಿ ಸಿವುಡುಗಳ ರಾಶಿ. ಚಿಕ್ಕಮ್ಮನ ಮಗಳು ಸುಮಿ ಒಂದು ಮೀಸೆ ಕಿತ್ತು ನನ್ನ ಶಾಲೆಯ ಸ್ವೆಟರಿನ ತೋಳಿನೊಳಗೆ ಇಟ್ಟಳು. "ಈಗ ಕೈ ಆಡ್ಸು ನೋಡು" ಅಂದಳು. ಕೈ ಆಡಿಸಿದಷ್ಟೂ ಅದು ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ತೆವಳುತ್ತ ಹತ್ತಿತು. ಜೀವ ಇದ್ದ ಹುಳುವೇ ಸೈ. ಅಂಗಳದ ತುಂಬ ಕುಣಿದಾಡಿದ್ದೆ. ಅದೇ ಸ್ವೆಟರ್ ಹಾಕಿಕೊಂಡು ಮುಂದಿನ ವಾರ ಶಾಲೆಗೆ ಹೋದಾಗ, ಒಳಗೆ ಇನ್ನೊಂದು ಉಳಿದಿದೆ ಅಂತ ನನಗೇನು ಗೊತ್ತು? ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದರು. ನಾನೊಬ್ಬಳು ಭುಜ ಕುಣಿಸುತ್ತ, ತುಟಿ ಕಚ್ಚುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಬಂದು ತಲೆ ಸವರಿ ಹೋದರು. ಅಷ್ಟು ಭಕ್ತಿಯ ಹುಡುಗಿಯನ್ನು ಅವರು ಅದಕ್ಕೆ ಮುಂಚೆ ಕಂಡಿರಲಿಲ್ಲವೋ ಏನೋ. ಆ ವರ್ಷ ನನಗೆ ನಡತೆಯ ಬಹುಮಾನವೂ ಬಂತು. ಗೋಧಿಯ ಋಣ ನನ್ನ ಮೇಲೆ ಅಂದಿನಿಂದಲೇ ಇದೆ ಅನ್ನಿ.

ಅದೇ ಸಿಸ್ಟರ್ ನಮಗೆ ಕಸೂತಿ ಕಲಿಸುತ್ತಿದ್ದರು. ಬಿಳಿ ಬಟ್ಟೆಯ ಮೇಲೆ ಬಂಗಾರದ ಬಣ್ಣದ ದಾರದಲ್ಲಿ ಗೋಧಿ ತೆನೆ. ನಾನು ಕಾಳುಗಳನ್ನೆಲ್ಲ ಮುದ್ದಾಗಿ ತುಂಬಿ, ಮೀಸೆಗೆ ಬಂದಾಗ ಬೇಸರವಾಗಿ ಮೊಂಡು ಮಾಡಿ ಮುಗಿಸಿದ್ದೆ. ಅವರು ಬೆರಳಿಟ್ಟು ತೋರಿಸಿ, "ಮಗೂ, ಇದು ಗೋಧಿಯಲ್ಲ, ಹುಣಸೆಕಾಯಿ" ಅಂದರು. ಬಿಚ್ಚಿ ಮತ್ತೆ ಹಾಕಿಸಿದರು. ಈಗಲೂ ಗೋಧಿ ತೆನೆ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಮೀಸೆಗೆ.

ನೋಡಿ, ಮೀಸೆ ಹಿಡಿದು ಎಲ್ಲಿಗೋ ಹೋದೆ. ಹೇಳಬೇಕಾದದ್ದು ಶಾಂತಕ್ಕನ ಗೋಧಿಯ ಮಾತು.

ಶಾಂತಕ್ಕ ನನ್ನ ನೆಗೆಣ್ಣಿ, ಅಂದರೆ ನಮ್ಮವರ ಅಣ್ಣನ ಹೆಂಡತಿ. ನಮ್ಮವರು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದಾರೆ. ನಮ್ಮ ಸಂಸಾರ ಬನಹಟ್ಟಿಯ ನೇಕಾರರ ಓಣಿಯಲ್ಲಿ, ಪಾವರ್‌ಲೂಮುಗಳ ಖಟಖಟದ ನಡುವೆ. ಮಗ್ಗ ನಿಂತರೆ ನಮಗೆ ನಿದ್ದೆ ಬಾರದು, ಅಷ್ಟು ಒಗ್ಗಿಹೋಗಿದೆ. ಭಾವ ಸಂಗಪ್ಪ ಮತ್ತು ಶಾಂತಕ್ಕ ಚಿಮ್ಮಡದಲ್ಲಿ ಹೊಲ ನೋಡಿಕೊಂಡಿದ್ದಾರೆ. ಹೊಲವೆಂದರೆ ಕಬ್ಬು. ಮುಧೋಳದ ಕಡೆಯಿಂದ ಇತ್ತಲಾಗೆ ಬಸ್ಸಿನಲ್ಲಿ ಬಂದರೆ ಕಿಟಕಿಯ ಎರಡೂ ಬದಿಗೆ ಹಸಿರು ಗೋಡೆ ಕಟ್ಟಿದ ಹಾಗೆ ಕಬ್ಬೇ ಕಬ್ಬು. ಭಾವನ ಹೊಲದಲ್ಲಿ ಕಬ್ಬು ಹೊಗದೇ ಉಳಿದದ್ದು ಬೇವಿನಪಟ್ಟಿ ಒಂದೇ. ಬೇವಿನ ಮರದ ಪಕ್ಕದ ತುಂಡು ಹೊಲ, ಕರಿ ಎರೆ ಮಣ್ಣು.

ಹೋದ ದಸರೆಯ ಹೊತ್ತಿಗೆ ಶಾಂತಕ್ಕ ಮುಧೋಳಕ್ಕೆ ಯಾವುದೋ ರೈತರ ಮೇಳಕ್ಕೆ ಹೋಗಿ, ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಬೀಜದ ಚೀಲ, ಒಂದು ಅಚ್ಚಾದ ಚೀಟಿ. ಹೊಸ ತಳಿಯ ಗೋಧಿಯಂತೆ, ಹಿಂಗಾರಿಗೆ ಬಿತ್ತುವಂಥದು. ಅವಳನ್ನು ಕರೆದುಕೊಂಡು ಹೋಗಲು ಭಾವ ಗಾಡಿ ತಂದಿದ್ದರು. ಎದುರು ಮನೆಯ ಗಂಗವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು, ಎಂದಿನಂತೆ ಹೊಸ್ತಿಲಲ್ಲೇ ಕೂತಿದ್ದಳು. ಗಂಗವ್ವನದು ನಾಲ್ಕು ಮಗ್ಗದ ಮನೆ. ಅವಳ ಸೆರಗಿಗೆ ಸದಾ ನೂಲಿನ ಅರಳೆ ಅಂಟಿಕೊಂಡಿರುತ್ತದೆ.

"ತಂಗಿ, ಕನ್ನಡಕ ಮನ್ಯಾಗ ಬಿಟ್ಟ ಬಂದೇನಿ. ಅದರಾಗ ಏನ್ ಬರದೈತಿ ಜರಾ ಓದಿ ಹೇಳ" ಅಂದಳು ಶಾಂತಕ್ಕ.

ನಾನು ಕಾನ್ವೆಂಟಿನಲ್ಲಿ ಪಾಠ ಓದುವ ಹಾಗೆ ನಿಂತುಕೊಂಡು ಓದಿದೆ. "ಮಧ್ಯಮ ಎತ್ತರ. ಗಾಳಿಗೆ ಬಾಗುವುದಿಲ್ಲ."

"ಬಾಗಂಗಿಲ್ಲ ಅಂದ್ರ ಒಂಚೂರ ಸೊಕ್ಕ ಐತಿ" ಅಂದಳು ಗಂಗವ್ವ.

"ತೆನೆಗೆ ಉದ್ದನೆಯ ಮೀಸೆ. ಮಾಗಿದಂತೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ."

"ಯವ್ವಾ! ವಯಸ್ಸಾದಂಗ ಕಪ್ಪ ಆಗೋ ಮೀಸಿ! ನಮ್ಮ ಮನಿಯವ್ರು ಬಾಟ್ಲಿಗಟ್ಟಲೆ ಬಣ್ಣ ಬಡ್ಕೊಂಡ್ರೂ ಆಗವಲ್ದು."

"ಕಾಳು ನೀಳ, ಗಟ್ಟಿ. ಜೇನಿನ ಬಣ್ಣ, ಗಾಜಿನಂಥ ಹೊಳಪು."

"ಬಣ್ಣಾನೂ ಛಲೋ."

"ಭಂಡಾರ ರೋಗ ತಡೆಯುವ ಶಕ್ತಿ ಇದೆ."

ನಾನು ಇಲ್ಲಿ ನಿಂತೆ. ಭಂಡಾರವೆಂದರೆ ನನಗೆ ಗೊತ್ತಿದ್ದದ್ದು ದೇವರ ಅರಿಶಿನ ಪುಡಿ. ಶಾಂತಕ್ಕ ಹೇಳಿದಳು, "ಎಲಿ ಮ್ಯಾಲ ಅರಿಷಿಣ ಉದುರಿಸಿದಂಗ ಪುಡಿ ಕೂಡ್ತೈತಿ. ನಡುವ ಹಾದು ಬಂದ್ರ ಸೀರಿ ಎಲ್ಲಾ ಕೇಸರಿ ಆಗ್ತಿತ್ತು. ಆ ಜಡ್ಡು."

"ಅಂದ್ರ ಜಡ್ಡು ಜಾಪತ್ರಿ ಇಲ್ಲ. ಮುಂದ ಓದ್ರಿ ವೈನಿ."

"ಭೂಮಿಯ ಹಸಿಯಲ್ಲೇ ಬೆಳೆಯುತ್ತದೆ. ಕಾಳು ಗಟ್ಟಿಯಾಗುವ ಹಂತದಲ್ಲಿ ಯಾವುದೇ ಕಾರಣಕ್ಕೂ ನೀರು ಹಾಯಿಸಕೂಡದು."

ಗಂಗವ್ವ ಚಪ್ಪಾಳೆ ತಟ್ಟಿದಳು. "ಕುಡಿಯಂಗೂ ಇಲ್ಲಂತ! ಇದು ಬೀಜದ ಚೀಟಿ ಅಲ್ರೀ ವೈನಿ, ವರನ ಚೀಟಿ. ಶಾಂತಕ್ಕಾ, ಇಂಥಾ ಅಳ್ಯಾ ಹುಡುಕಿದ್ರ ಸಿಗಂಗಿಲ್ಲ. ಸುಮ್ನ ಹೂಂ ಅಂದ್ಬಿಡ್ರಿ."

ಅಂದಿನಿಂದ ಆ ಗೋಧಿಗೆ ನಮ್ಮೆರಡೂ ಮನೆಯಲ್ಲಿ ಅಳ್ಯಾ ಎಂದೇ ಹೆಸರು. ಚೀಟಿಯಲ್ಲಿ ಅದಕ್ಕೊಂದು ಇಂಗ್ಲಿಷ್ ಅಕ್ಷರ, ಅಂಕಿಗಳ ಹೆಸರಿತ್ತು. ಯಾರಿಗೂ ನೆನಪಿಲ್ಲ.

ಭಾವ ಮಾತ್ರ ನಗಲಿಲ್ಲ. "ಅಳ್ಯಾ ಛಲೋ ಅದಾನ ಖರೆ. ಆದ್ರ ಅವಂಗ ಕೂಡಾಕ ಜಾಗಾ ಎಲ್ಲೈತಿ? ಬೇವಿನಪಟ್ಟಿಗೆ ಯುಗಾದಿಗೆ ಕಬ್ಬ ಹಚ್ಚಬೇಕಂತ ಮಾಡೇನಿ" ಅಂದರು.

ಶಾಂತಕ್ಕ ಎಂದೂ ಗಂಡನ ಎದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. ಚೀಲದ ಬಾಯಿಯ ದಾರವನ್ನು ಬೆರಳಿಗೆ ಸುತ್ತುತ್ತ, ನೆಲ ನೋಡುತ್ತ ಹೇಳಿದಳು. "ಕಬ್ಬಿನಾಗ ನಿಂತ್ರ ಆಕಾಶ ಒಂದ ಕಾಣ್ತೈತ್ರಿ. ನಾ ಈ ಮನಿಗೆ ಬಂದಾಗ ನಮ್ಮ ಹೊಲದಾಗ ನಿಂತ್ರ ಊರ ಗುಡಿ ಕಾಣ್ತಿತ್ತು, ದಾರ್ಯಾಗ ಹೋಗೋ ಮಂದಿ ಕಾಣ್ತಿದ್ರು, ಒಬ್ರಿಗೊಬ್ರು ಕೂಗಿ ಮಾತಾಡ್ತಿದ್ವಿ. ಈಗ ಹೊಲಕ್ಕ ಹೋಗಾಕ ನನಗ ಏನೂ ಕೆಲಸಿಲ್ಲ. ಕಡಿಯೋ ಗ್ಯಾಂಗ್ ಬರ್ತೈತಿ, ಕಡಕೊಂಡ ಹೋಗ್ತೈತಿ. ಹೊಲದಾಗಿಂದ ತಿನ್ನೂದು ಒಂದು ಕಾಳೂ ಮನಿಗೆ ಬರಂಗಿಲ್ಲ. ಇದೊಂದ ಪಟ್ಟಿ ನನಗ ಬಿಡ್ರಿ."

ಭಾವ ಗಾಡಿಯ ಚಾವಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಅಂದರು, "ಒಂದ ಚಳಿಗಾಲ ನೋಡೂನು. ಅವ್ವ ಮಾಡ್ತಿದ್ದಂಥಾ ಶಾವಿಗಿ ಈ ಗೋದಿಂದ ಬಂತಂದ್ರ ಬೇವಿನಪಟ್ಟಿ ನಿಂದು. ಮತ್ತ ಕಬ್ಬಿನ ಮಾತ ಎತ್ತಂಗಿಲ್ಲ. ಬರಲಿಲ್ಲಾ, ಯುಗಾದಿ ಪಾಡ್ಯಾದ ದಿವಸ ಕಬ್ಬ."

"ಆತು" ಅಂದಳು ಶಾಂತಕ್ಕ.

ಭಾವ ಬೇರೇನೂ ಕೇಳಲಿಲ್ಲ, ಶಾವಿಗೆಯನ್ನೇ ಕೇಳಿದರು. ಅದಕ್ಕೆ ಕಾರಣವಿದೆ. ಅಂಗಡಿಯ ಶಾವಿಗೆ ತಂದು ಬಸಿದು ಬಡಿಸಿದಾಗಲೆಲ್ಲ ಅವರು ತಾಟಿನಲ್ಲಿ ಬೆರಳಾಡಿಸಿ, "ಇದು ಶಾವಿಗಿನೋ ಗಂಜಿನೋ?" ಅನ್ನುತ್ತಾರೆ. ನಮ್ಮ ಅತ್ತೆಯ ಶಾವಿಗೆ ಹಾಗಿರಲಿಲ್ಲ. ಕುದಿಸಿ ಬಸಿದರೂ ಎಳೆಗೆ ಎಳೆ ಅಂಟುತ್ತಿರಲಿಲ್ಲ. ಹಳದಿಯೂ ಅಲ್ಲದ, ಬಿಳಿಯೂ ಅಲ್ಲದ ಬಣ್ಣ. ಮೇಲೆ ಬೆಲ್ಲ, ತುಪ್ಪ ಬಿದ್ದರೆ ಒಂದೊಂದು ಎಳೆಯೂ ಬೇರೆಬೇರೆಯಾಗಿ ಮಿಂಚುತ್ತಿತ್ತು. ಬೇವಿನಪಟ್ಟಿಯ ಹಳೆಯ ಜವಾರಿ ಗೋಧಿಯದು. ಆ ಬೀಜ ಯಾವಾಗಲೋ ಮನೆ ಬಿಟ್ಟಿತ್ತು, ಅತ್ತೆಯೂ ಹೋದರು.

ಮದುವೆಯಾದ ಮೊದಲ ಬೇಸಿಗೆಯಲ್ಲಿ ನನ್ನನ್ನೂ ಶಾವಿಗೆಗೆ ಕೂಡಿಸಿದ್ದರು. ಇಳಿಜಾರಾಗಿ ಇಟ್ಟ ಗೀರುಗೀರಿನ ಮಣೆ, ಅದರ ಮೇಲೆ ಕೂತು ಅಂಗೈಯಿಂದ ಕಣಕ ಹೊಸೆಯುವುದು. ತುದಿಯಿಂದ ಎಳೆಗಳು ಮಳೆಯ ಹಾಗೆ ಇಳಿಯುತ್ತವೆ. ನಾನು ಹೊಸೆದರೆ ಇಳಿಯುತ್ತಿದ್ದದ್ದು ಮಿಡತೆಯ ಕಾಲು. ಅತ್ತೆಯ ಹುಬ್ಬು ಏರತೊಡಗಿದ್ದು ಕಂಡು ಶಾಂತಕ್ಕ ನನ್ನ ಕೈಗೆ ಕೋಲು ಕೊಟ್ಟಳು. "ತಂಗಿ ಉದ್ದ ಅದಾಳ, ಎಳಿ ಹಿಡಿಯಾಕ ಇಕಿನ ಬೇಕು, ನನಗ ಎಟಕಂಗಿಲ್ಲ" ಅಂದಳು. ಅವಳು ನನಗಿಂತ ಒಂದು ಗೇಣು ಎತ್ತರ! ಅತ್ತೆ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ ಮತ್ತೊಂದು ಉಂಡೆ ಕಣಕ ತೆಗೆದುಕೊಂಡರು. ಆ ಮನೆಯಲ್ಲಿ ನನ್ನ ಜಾಗ ಅಂದು ಗಟ್ಟಿಯಾಯಿತು, ಕೋಲು ಹಿಡಿಯುವವಳು ಅಂತ. ಅಂಥ ಶಾಂತಕ್ಕ ಮೊದಲ ಬಾರಿಗೆ ತನಗೆಂದು ಏನನ್ನೋ ಕೇಳಿದ್ದಳು. ಅಳ್ಯಾ ಗೆಲ್ಲಲೇಬೇಕು ಅಂತ ನಾನು ದೇವರ ಮುಂದೆ ದೀಪ ಹಚ್ಚುವಾಗ ದಿನಾ ಒಂದು ಮಾತು ಸೇರಿಸತೊಡಗಿದೆ. ಯಾವ ದೇವರು ಗೋಧಿಯ ಖಾತೆ ನೋಡಿಕೊಳ್ಳುತ್ತಾನೋ ಗೊತ್ತಿರಲಿಲ್ಲ, ಎಲ್ಲರಿಗೂ ಹೇಳಿದೆ.

ಬಿತ್ತನೆಯಾಯಿತು. ಎಳ್ಳಮಾಸಿಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲಲು, ಬುತ್ತಿ ಕಟ್ಟಿಕೊಂಡು ನಾವೆಲ್ಲ ಹೋದೆವು. ಕಬ್ಬಿನ ನಡುವಿನ ದಾರಿಯಲ್ಲಿ ಅತ್ತಿತ್ತ ಏನೂ ಕಾಣದೆ ನಡೆದು ನಡೆದು, ಒಮ್ಮೆಲೇ ಬೇವಿನಪಟ್ಟಿ ಎದುರಾದಾಗ ಕಣ್ಣಿಗೆ ಕಿಟಕಿ ತೆರೆದ ಹಾಗಾಯಿತು. ಸೊಂಟದೆತ್ತರದ ಪೈರು. ಎಲೆಗಳ ಮೇಲೆ ತೆಳ್ಳಗೆ ಮೇಣ ಸವರಿದಂಥ ನೀಲಿ ಮಬ್ಬು. ಬೆರಳಿನಿಂದ ಒರೆಸಿದರೆ ಕೆಳಗೆ ಅಪ್ಪಟ ಹಸಿರು. ಆ ಮೇಣವೇ ಅದರ ಕೊಡೆಯಂತೆ, ಒಳಗಿನ ಹಸಿ ಆರದ ಹಾಗೆ ಕಾಯುತ್ತದಂತೆ. ತೆನೆ ಆಗತಾನೆ ಹೊರಗೆ ಇಣುಕುತ್ತಿತ್ತು, ಮೀಸೆ ಇನ್ನೂ ಎಳಸು, ಹಸಿರು. ಪ್ರತಿ ಮೀಸೆಯ ತುದಿಗೂ ಒಂದೊಂದು ಇಬ್ಬನಿ ಹನಿ. ಗುಬ್ಬಿಗಳು ಬಂದು ತೆನೆಯ ಮೇಲೆ ಕೂಡಲು ನೋಡಿ, ಮೀಸೆ ಚುಚ್ಚಿ ಹಾರಿಹೋಗುತ್ತಿದ್ದವು.

"ಕಾವಲಗಾರ ಬ್ಯಾಡ ಈ ಗೋದಿಗೆ" ಅಂದರು ಭಾವ. ದನಿಯಲ್ಲಿ ಹೆಮ್ಮೆಯಿತ್ತು. ನಾನೂ ಶಾಂತಕ್ಕನೂ ಮುಖ ಮುಖ ನೋಡಿಕೊಂಡೆವು.

ಶಾಂತಕ್ಕ ಅಂದು ಬದುವಿನ ಮೇಲೆ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದಳು. "ಏ ನೀಲವ್ವಾ, ಎಲ್ಲಿಗ್ಹೊಂಟಿ ಬೇ? ಬಾ, ಒಂದ ಹೋಳಿಗಿ ತಿಂದ ಹೋಗು!" ಸುಮ್ಮಸುಮ್ಮನೆ ಕರೆದಳು. ಕಂಡರಲ್ಲ, ಅದಕ್ಕೆ.

ಆಮೇಲಿನ ದಿನಗಳಲ್ಲಿ ಭಾವನಿಗೆ ಅಳಿಯನ ಮೇಲೆ ಮಮತೆ ಹೆಚ್ಚುತ್ತ ಹೋಯಿತು. ದಿನಾ ಬೆಳಿಗ್ಗೆ ಮೊದಲು ಬೇವಿನಪಟ್ಟಿಗೆ ಹೋಗಿ, ಆಮೇಲೆ ಕಬ್ಬಿಗೆ. ಫೋನು ಮಾಡಿದರೆ ಗಂಗವ್ವನೂ ಹೊಸ್ತಿಲಿಂದಲೇ ಕೂಗಿ ಕೇಳುತ್ತಿದ್ದಳು, "ಅಳ್ಯಾ ಹೆಂಗದಾನ?" "ಮೀಸಿ ಕರ್ರಗ ಆಗಾಕತ್ತಾವ" ಅಂತ ಭಾವ ನಗುತ್ತಿದ್ದರು. ಕೆಟ್ಟದ್ದಾದದ್ದು ಈ ಮಮತೆಯಿಂದಲೇ.

ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನವಿತ್ತು. ನನಗೆ ಜ್ವರ ಬಂದಿತ್ತೆಂದು ಶಾಂತಕ್ಕ ಬನಹಟ್ಟಿಗೆ ಬಂದು ಉಳಿದಿದ್ದಳು. ಅದೇ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟರು. ಭಾವನ ಪಾಳಿ ಬಂತು. ಅವರು ಬೇವಿನಪಟ್ಟಿಯ ಹತ್ತಿರ ನಿಂತು ನೋಡಿದರು. ಎಲೆ ಹಳದಿಯಾಗಿದೆ, ಬುಡ ಒಣಗುತ್ತಿದೆ. ಪಕ್ಕದಲ್ಲೇ ತುಂಬಿ ಹರಿಯುವ ನೀರು. ಇಷ್ಟು ವರ್ಷ ಕಬ್ಬು ಬೆಳೆದ ಮನುಷ್ಯ. ಕಬ್ಬನ್ನು ಹಸಿರಾಗಿರುವಾಗಲೇ ಕಡಿಯುತ್ತಾರೆ. ಒಣಗುವುದೆಂದರೆ ಅವರ ಕಣ್ಣಿಗೆ ಸಾಯುವುದು. ಗೋಧಿಗೆ ಒಣಗುವುದೆಂದರೆ ಮಾಗುವುದು ಅನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಚೀಟಿಯ ಮಾತು ನೆನಪಿರಲಿಲ್ಲವೆಂದಲ್ಲ. "ನೆನಪಿತ್ತವ್ವಾ. ಆದ್ರ ಪಾಪ, ಬಾಯಿ ಒಣಗಿಸ್ಕೊಂಡ ನಿಂತಿತ್ತು. ಒಂದ ಗುಟುಕ ಕೊಟ್ರ ಏನಾದೀತು ಅಂತ..." ಅಂದರು ಆಮೇಲೆ ನನ್ನ ಹತ್ತಿರ. ಸನಿಕೆ ಹಿಡಿದು ಕಾಲುವೆಯ ಬಾಯಿ ಬಿಡಿಸಿಯೇ ಬಿಟ್ಟರು. ಒಂದು ಗುಟುಕು ಅಂದದ್ದು ಪಟ್ಟಿಯ ಕೆಳಗಿನ ಅರ್ಧ ತೋಯುವವರೆಗೆ ಹರಿಯಿತು. ಮೇಲಿನರ್ಧ ದಿಣ್ಣೆ, ಅಲ್ಲಿಗೆ ನೀರು ಏರಲಿಲ್ಲ. ಮರುದಿನ ಗಾಳಿ ಬೀಸಿತು. ಹಸಿ ನೆಲದಲ್ಲಿ ಕಾಳು ತುಂಬಿದ ತೆನೆ ನಿಂತೀತೇ? ಕೆಳಗಿನರ್ಧ ಮಗ್ಗುಲಾಯಿತು.

ಫೋನು ಬಂದಾಗ ಶಾಂತಕ್ಕ ನನಗೆ ಗಂಜಿ ಕಾಸುತ್ತಿದ್ದಳು. ಕಿವಿಗಿಟ್ಟುಕೊಂಡು ಕೇಳಿದಳು, ಇಟ್ಟಳು. ಗಂಗವ್ವ ಹೊಸ್ತಿಲಿಂದ ಎಂದಿನಂತೆ, "ಏನಂತಾನ ಅಳ್ಯಾ?" ಅಂದಳು.

"ಕುಡದ ಬಿದ್ದಾನಂತ" ಅಂದಳು ಶಾಂತಕ್ಕ.

"ಅಯ್ಯ ಶಿವನ! ಕುಡಿಸಿದವ್ರು ಯಾರು?"

"ಮತ್ಯಾರು, ಮಾವ!"

ನಾವು ಮೂವರೂ ನಕ್ಕೆವು. ನಗುತ್ತ ನಗುತ್ತಲೇ ಶಾಂತಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಗಂಜಿ ತಳ ಹತ್ತಿತ್ತು.

ಸುಗ್ಗಿಗೆ ನಾನೂ ಹೋದೆ, ಜ್ವರ ಬಿಟ್ಟ ಮೈಯನ್ನು ಬಿಸಿಲಿಗೆ ಒಡ್ಡಿಕೊಂಡು. ಶಾಂತಕ್ಕ ಆಳುಗಳಿಗೆ ಒಂದೇ ಮಾತು ಹೇಳಿದ್ದಳು, ಮೇಲಿನದು ಬೇರೆ, ಕೆಳಗಿನದು ಬೇರೆ. ಎರಡು ಕಣ, ಎರಡು ರಾಶಿ. ಭಾವ ತಲೆ ಮೇಲೆ ಟಾವೆಲ್ ಹಾಕಿಕೊಂಡು ಬೇವಿನ ನೆರಳಲ್ಲಿ ಕೂತು, "ಚೀಟ್ಯಾಗ ಬಾಗಂಗಿಲ್ಲ ಅಂತ ಇತ್ತಲ್ಲ?" ಅಂದರು.

"ಕುಡಿಯಂಗಿಲ್ಲ ಅಂತನೂ ಇತ್ತು" ಅಂದಳು ಶಾಂತಕ್ಕ, ಕೇರುವ ಮೊರ ನಿಲ್ಲಿಸದೆ.

ನಾನು ಎರಡೂ ರಾಶಿಯಿಂದ ಒಂದೊಂದು ಹಿಡಿ ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ಮೇಲಿನ ರಾಶಿಯ ಕಾಳಿನೊಳಗೆ ಬೆಳಕು ಹಾಯುತ್ತಿತ್ತು, ಜೇನು ತುಂಬಿದ ಪುಟ್ಟ ಸೀಸೆಗಳ ಹಾಗೆ. ಉದ್ದನೆಯ ಮೈ, ಮುಧೋಳದ ನಾಯಿಯ ಹಾಗೆ ಸಣ್ಣ ಸೊಂಟ. ಹಲ್ಲಿಗಿಟ್ಟರೆ ಕಟ್ ಎಂದು ಸದ್ದು. ಕೆಳಗಿನ ರಾಶಿಯ ಕಾಳಿಗೂ ಅದೇ ಉದ್ದ, ಅದೇ ಸೊಂಟ. ಆದರೆ ಹೊಟ್ಟೆಯಲ್ಲಿ ಸುಣ್ಣದ ಬೊಟ್ಟು ಇಟ್ಟಂಥ ಬಿಳಿ ಕಲೆ. ಬೆಳಕು ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಹಲ್ಲಿಗೆ ಮೆತ್ತಗೆ ಪುಡಿಯಾಯಿತು. ನಾನು ಶಾಂತಕ್ಕನ ಮುಖ ನೋಡಿದೆ. ಅವಳು ನೋಡಿಯೂ ನೋಡದವಳ ಹಾಗೆ ಕೇರುತ್ತಿದ್ದಳು.

ಶಾವಿಗೆಯ ದಿನ ಬಂತು. ನಮ್ಮ ಮನೆಯ ಮಾಳಿಗೆಯ ಮೇಲೆ, ಯಾಕೆಂದರೆ ಎಳೆ ಒಣಹಾಕಲು ಗಂಗವ್ವ ಕೋಲು ಕೊಡುತ್ತೇನೆ ಅಂದಿದ್ದಳು. ಬಣ್ಣ ಹಾಕಿದ ನೂಲಿನ ಲಡಿ ತೂಗುಹಾಕುವ ಬಿದಿರ ಕೋಲುಗಳು. ತೊಳೆದು ತಂದಿದ್ದರೂ ಒಂದರ ತುದಿಗೆ ರಾಣಿ ಬಣ್ಣ, ಒಂದರ ತುದಿಗೆ ಗಿಳಿಹಸಿರು. ಭಾವನನ್ನು ಶಾಂತಕ್ಕನೇ ಹೇಳಿ ಕರೆಸಿದ್ದಳು. ಅವರು ಪ್ಯಾರಾಪೆಟ್ಟಿಗೆ ಬೆನ್ನು ಕೊಟ್ಟು, ಪರೀಕ್ಷೆಗೆ ಬಂದ ಸಾಹೇಬರ ಹಾಗೆ ಕೂತರು. ಆದರೆ ಕಾಲು ಕುಣಿಸುತ್ತಿದ್ದರು. ಪರೀಕ್ಷೆ ಯಾರದು ಅಂತ ಅವರಿಗೂ ಗೊತ್ತಿರಲಿಲ್ಲ.

ಶಾಂತಕ್ಕ ಮೊದಲು ಕೈ ಹಾಕಿದ್ದು ಕೆಳಗಿನ ರಾಶಿಯ ಕಣಕಕ್ಕೆ. ನಾನು, "ಅಕ್ಕಾ, ಅದು ಅಲ್ಲ" ಅಂತ ಪಿಸುಗುಟ್ಟಿದೆ. "ನೀ ಕೋಲ ಹಿಡಿ" ಅಂದಳು. ಹೊಸೆದಳು. ಎಳೆ ಇಳಿಯಿತು, ಮೊಳದಷ್ಟು ಬಂದು ತುಂಡಾಯಿತು. ಇನ್ನೊಮ್ಮೆ ಹೊಸೆದಳು, ಮತ್ತೆ ತುಂಡು. ಗಂಗವ್ವನ ಕೈ ಸುಮ್ಮನಿರದೆ, ಬಿದ್ದ ಎರಡು ತುದಿ ಹಿಡಿದು ಮಗ್ಗದ ಎಳೆ ಹೊಸೆದು ಕೂಡಿಸುವ ಹಾಗೆ ಕೂಡಿಸಲು ಹೋದಳು. "ಇದು ಕೂಡಂಗಿಲ್ಲ ಬಿಡ್ರಿ. ಈ ನೂಲ ತಂದ ಕೊಟ್ರ ನಾವ್ ಸಾವಕಾರಗ ತಿರಿಗಿ ಒಗಿತೇವಿ." ಭಾವನ ಕಾಲು ಕುಣಿಯುವುದು ನಿಂತಿತ್ತು. ತಟ್ಟೆಯ ತುಂಬ 'ಮಿಡತೆಯ ಕಾಲು' ಬಿದ್ದಿತ್ತು.

ಶಾಂತಕ್ಕ ಕೈ ತೊಳೆದು, ಒರೆಸಿಕೊಂಡು, ಮೇಲಿನ ರಾಶಿಯ ಕಣಕ ತೆಗೆದುಕೊಂಡಳು. ಮಣೆಯ ಮೇಲೆ ಇಟ್ಟು ಅಂಗೈ ಒತ್ತಿದಳು. ಎಳೆಗಳು ಹೊರಟವು. ನಾನು ಕೋಲಿನಲ್ಲಿ ಹಿಡಿದು ಹಿಂದಕ್ಕೆ ಸರಿದೆ. ಬಂದವು. ಇನ್ನೂ ಸರಿದೆ, ಇನ್ನೂ ಬಂದವು. ಮಾಳಿಗೆಯ ಆ ಕಡೆಯ ಗೋಡೆಗೆ ನನ್ನ ಬೆನ್ನು ತಾಗಿತು. ನನ್ನ ಕೋಲಿನಿಂದ ಶಾಂತಕ್ಕನ ಅಂಗೈಯವರೆಗೆ ಬಿಸಿಲಿನಲ್ಲಿ ಬಂಗಾರದ ಹಾಸು ಕಟ್ಟಿದ ಹಾಗಿತ್ತು. ಆಮೇಲೆ ಗಂಗವ್ವ ನೂಲಿನ ನವಿರು ಅಳೆಯುವವಳ ಹಾಗೆ ಕೆಳದನಿಯಲ್ಲಿ ಕೇಳಿದಳು, "ಶಾಂತಕ್ಕಾ, ಇದು ಎಷ್ಟನೇ ಕೌಂಟಿನ ನೂಲು?"

ಭಾವ ಎದ್ದು ಬಂದರು. ಎಳೆಯನ್ನು ಮುಟ್ಟಲಿಲ್ಲ. ಎರಡೂ ಬೋಗುಣಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಎರಡೂ ಒಂದ ಬೀಜ ಏನು?" ಅಂದರು.

"ಒಂದ ಬೀಜ. ಒಂದ ಹೊಲ" ಅಂದಳು ಶಾಂತಕ್ಕ. "ನೀರಷ್ಟ ಬ್ಯಾರೆ."

ಮಧ್ಯಾಹ್ನ ಹೊಸ ಶಾವಿಗೆ ಬಸಿದು, ಬೆಲ್ಲ, ತುಪ್ಪ ಹಾಕಿ ಬಡಿಸಿದೆವು. ಭಾವ ಅಭ್ಯಾಸದಂತೆ ತಾಟಿನಲ್ಲಿ ಬೆರಳಾಡಿಸಿದರು. ಎಳೆಗಳು ಬೇರೆಬೇರೆಯಾಗಿ ಜಾರಿದವು. ಏನಾದರೂ ಅಂದಾರು ಎಂದು ನಾವು ಬಾಗಿಲಲ್ಲಿ ನಿಂತು ಕಾದೆವು. ಮತ್ತೊಮ್ಮೆ ಹಾಕಿಸಿಕೊಂಡರು, ಕೈ ತೊಳೆದರು, ಗಾಡಿ ಚಾಲು ಮಾಡಿಕೊಂಡು ಹೋದರು. ಇಷ್ಟಾದರೂ ಬಾಯಿ ಬಿಡಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಶಾಂತಕ್ಕ ಅಂದಳು, "ಅರ್ಧ ಹೊಲ ಗೆದ್ದೈತಿ ತಂಗಿ, ಅರ್ಧ ಬಿದ್ದೈತಿ. ಅವರರ ಏನಂತಾರ? ಮುಂದಿನ ವರ್ಷ ನೀರ ಬಂದಾಗ ಮತ್ತ ಕೈ ಸುಮ್ನಿರಬೇಕಲ್ಲ."

ಯುಗಾದಿಗೆ ನಾವು ಚಿಮ್ಮಡಕ್ಕೆ ಹೋದೆವು. ಬೇವು ಬೆಲ್ಲ ಕೊಡಲು ನೋಡಿದರೆ ಭಾವ ಮನೆಯಲ್ಲಿಲ್ಲ. ಬೆಳಿಗ್ಗೆಯೇ ಎಣ್ಣೆಸ್ನಾನ ಮಾಡಿ, ಸನಿಕೆ, ಬುಟ್ಟಿ ತೆಗೆದುಕೊಂಡು ಬೇವಿನಪಟ್ಟಿಗೆ ಹೋಗಿದ್ದಾರೆಂದು ಗೊತ್ತಾಯಿತು. ಪಾಡ್ಯದ ದಿವಸ ಕಬ್ಬು ಅಂದಿದ್ದರಲ್ಲ. ಶಾಂತಕ್ಕ ಚಪ್ಪಲಿ ಮೆಟ್ಟಿದಳು. ಹೊಸ ಸೀರೆಯಲ್ಲೇ ಇಬ್ಬರೂ ಹೊರಟೆವು. ಕಬ್ಬಿನ ನಡುವಿನ ದಾರಿ ಅಂದು ಮುಗಿಯಲೊಲ್ಲದು. ಅವಳ ಕೈ ಹಿಡಿದುಕೊಂಡೆ.

ಬೇವಿನಪಟ್ಟಿಯಲ್ಲಿ ಕಬ್ಬಿನ ಬೀಜವಿರಲಿಲ್ಲ, ಆಳುಗಳೂ ಇರಲಿಲ್ಲ. ಭಾವ ಒಬ್ಬರೇ, ಕಾಲುವೆಯಿಂದ ಪಟ್ಟಿಗೆ ನೀರು ಇಳಿಯುವ ಬಾಯಿಯಲ್ಲಿ ನಿಂತಿದ್ದರು. ಕಲ್ಲು ಒಟ್ಟಿದ್ದರು, ಮೇಲೆ ಮಣ್ಣು ಹಾಕಿ ತುಳಿಯುತ್ತಿದ್ದರು. ನಮ್ಮ ಕಡೆ ನೀರಿನ ಬಾಯಿ ಬಿಡಿಸಲು ಜಗಳವಾಡಿದವರನ್ನು ಕಂಡಿದ್ದೇನೆ, ಅದಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕಂಡಿದ್ದೇನೆ. ಇದ್ದ ಬಾಯಿಯನ್ನು ತಾನೇ ಮುಚ್ಚುವವನನ್ನು ಕಂಡಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಊರವನೊಬ್ಬ ಸೈಕಲ್ ನಿಲ್ಲಿಸಿ ಕೂಗಿದ, "ಏ ಸಂಗಪ್ಪಾ, ಹಬ್ಬದ ದಿವಸ ತಲಿ ತಿರಗೈತೇನಲೇ? ನೀರಿನ ಬಾಯಿ ಮುಚ್ಚಾಕತ್ತಿಯಲ್ಲ!"

"ನನ್ನ ಕೈ ಸುಮ್ನಿರಂಗಿಲ್ಲೋ ಮಾರಾಯ" ಅಂದರು ಭಾವ, ತುಳಿಯುವುದು ಬಿಡದೆ. "ನೀರ ಕಂಡ್ರ ತಡ್ಯಂಗಿಲ್ಲ ಅದು. ಬಾಯಿನ ಇಲ್ಲಂದ್ರ ಏನ್ ಬಿಡಿಸ್ತೈತಿ?"

ಆಗಲೇ ನಮ್ಮನ್ನು ನೋಡಿದರು. ನೋಡಿ, ಕಳ್ಳ ಸಿಕ್ಕಿಬಿದ್ದ ಹಾಗೆ ಸನಿಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ನಾನಾಗಿದ್ದರೆ ಅಳುತ್ತಿದ್ದೆ, ಇಲ್ಲವೇ ಕಾನ್ವೆಂಟಿನವಳ ಹಾಗೆ ಥ್ಯಾಂಕ್ಸ್ ಅಂದುಬಿಡುತ್ತಿದ್ದೆ. ಶಾಂತಕ್ಕ ಹೊಸ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬದು ಇಳಿದಳು. ಅವರು ಮುಚ್ಚಿದ ಬಾಯಿಯ ಮುಂದೆ ಬಗ್ಗಿ, ಬಲಗಡೆ, ಎಡಗಡೆ ಕಣ್ಣಿಟ್ಟು ನೋಡಿದಳು.

"ಇನ್ನೊಂದ ಬುಟ್ಟಿ ಮಣ್ಣ ಹಾಕ್ರಿ" ಅಂದಳು. "ಈ ಮಗ್ಗಲ ಸಣ್ಣದೊಂದ ತೂತ ಉಳದೈತಿ."